ಚಿಗವ್ವನ ಕಣ್ಣಿನ ಬಾಗು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಚಿಗವ್ವ ನಮ್ಮ ಮನೆಗೆ ಬಂದದ್ದು ಯಾವ ವಾರ ಎನ್ನುವುದರಲ್ಲೇ ನನಗೂ ನನ್ನ ದಿನಚರಿಗೂ ಜಗಳವಿದೆ. ದಿನಚರಿ ಮಂಗಳವಾರ ಎನ್ನುತ್ತದೆ. ಆದರೆ ಅವಳು ಬಂದ ದಿನ ನಾನು ರೋಣದಿಂದ ಆಗಷ್ಟೇ ತಿರುಗಿ ಬಂದು ಚಪ್ಪಲಿ ಬಿಡುತ್ತಿದ್ದೆ ಎಂಬುದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ, ಮತ್ತು ರೋಣಕ್ಕೆ ನಾನು ಹೋಗುವುದು ಸೋಮವಾರ ಮಾತ್ರ. ಚಿಗವ್ವನನ್ನು ಕೇಳಿದರೆ, "ಬುಧವಾರವಾ, ನಾ ಮಂಗಳವಾರ ಮನಿ ಬಿಟ್ಟು ಹೊರಡಾಕಿ ಅಲ್ಲ" ಎನ್ನುತ್ತಾಳೆ. ಹೀಗಾಗಿ ಒಬ್ಬಳೇ ಹೆಂಗಸು ಲಕ್ಕಲಕಟ್ಟಿಯ ಬಸ್ಸಿನಿಂದ ಮೂರು ದಿನ ಮೂರು ಸಲ ಇಳಿದ ಹಾಗಾಗಿದೆ. ನನಗೇನೂ ತಕರಾರಿಲ್ಲ. ಮೂರು ಸಲ ಇಳಿದಿದ್ದರೂ ಬೇಡ ಎನ್ನುತ್ತಿರಲಿಲ್ಲ.

ನೆನಪಿನ ಮೇಲೆ ನನಗೆ ಈ ಅನುಮಾನ ಅಂಟಿದ್ದು ಧಾರವಾಡದಲ್ಲಿ, ಇತಿಹಾಸದಲ್ಲಿ ಎಂ.ಎ. ಓದುವಾಗ. ಕಣ್ಣಾರೆ ಕಂಡವರ ಮಾತನ್ನು ಪೂರ್ತಿ ನಂಬಬೇಡಿ, ದಿನಚರಿ ಬರೆದವರನ್ನಂತೂ ನಂಬಲೇಬೇಡಿ ಎಂದು ಅಲ್ಲಿ ಕಲಿಸಿದರು. ನಾನು ಎರಡನ್ನೂ ನೋಟ್ಸ್ ಮಾಡಿಕೊಂಡೆ, ಅವತ್ತೇ ರಾತ್ರಿ ದಿನಚರಿ ಬರೆಯಲು ಶುರು ಮಾಡಿದೆ. ನಾನು ಪಾಠವನ್ನು ಎಷ್ಟರಮಟ್ಟಿಗೆ ಅರ್ಥ ಮಾಡಿಕೊಳ್ಳುವವಳು ಎಂಬುದಕ್ಕೆ ಇಷ್ಟು ಸಾಕು. ಇತಿಹಾಸ ನನಗೆ ನೌಕರಿ ಕೊಡಲಿಲ್ಲ. ಮುಂದೆ ಹುಬ್ಬಳ್ಳಿಯಲ್ಲಿ ಎರಡು ವರ್ಷ ಕಣ್ಣು ತಪಾಸಣೆಯ ಕೋರ್ಸು ಮಾಡಿದೆ. ಈಗ ಹದಿನಾಲ್ಕು ವರ್ಷಗಳಿಂದ ಗಜೇಂದ್ರಗಡದ ಒಂದು ಕಣ್ಣಿನ ದವಾಖಾನೆಯಲ್ಲಿದ್ದೇನೆ. ಸೋಮವಾರ ರೋಣ, ಗುರುವಾರ ನರಗುಂದ, ಉಳಿದ ದಿನ ಇಲ್ಲೇ.

ಕೆಲಸ ಏನೆಂದು ಯಾರಾದರೂ ಕೇಳಿದರೆ, ಕಣ್ಣಿನ ಬಾಗು ಅಳೆಯುತ್ತೇನೆ ಎನ್ನುತ್ತೇನೆ. ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂಥ ಒಂದು ತಿಳಿ ಪದರ ಇರುತ್ತದೆ, ಕಾರ್ನಿಯಾ ಎಂದು ಅದರ ಹೆಸರು. ಅದು ಎಷ್ಟು ಬಾಗಿದೆ ಎಂದು ಅಳೆಯಬೇಕು. ಮೋತಿಬಿಂದು ತೆಗೆದು ಕಣ್ಣೊಳಗೆ ಕೂರಿಸುವ ಹೊಸ ಮಸೂರದ ನಂಬರು ಬಹಳ ಮಟ್ಟಿಗೆ ಈ ಬಾಗಿನ ಮೇಲೆ ನಿಂತಿದೆ. ನನ್ನ ಅಳತೆ ತಪ್ಪಿದರೆ ಡಾಕ್ಟರು ಎಷ್ಟೇ ಚಂದ ಆಪರೇಷನ್ ಮಾಡಿದರೂ ಆ ಮನುಷ್ಯನಿಗೆ ಮುಂದೆ ಜಗತ್ತು ತುಸು ಮಬ್ಬಾಗಿಯೇ ಉಳಿಯುತ್ತದೆ. ಇಷ್ಟು ದೊಡ್ಡ ಜವಾಬ್ದಾರಿಯ ಕೆಲಸ ಕೇಳುವವರಿಗೆ ಮಾತ್ರ ಯಾವಾಗಲೂ ಸಣ್ಣದಾಗಿ ಕೇಳಿಸುತ್ತದೆ. ನನಗೆ ಮೂವತ್ತಾದಾಗ ನನ್ನನ್ನು ನೋಡಲು ಬಂದಿದ್ದ ವರನ ತಾಯಿ ಉಪ್ಪಿಟ್ಟು ತಿನ್ನುತ್ತಾ, "ಕಣ್ಣು ಬಾಗಿರ್ತಾವೇನವಾ? ನಾ ದುಂಡಗ ಇರ್ತಾವ ಅನ್ಕೊಂಡಿದ್ದೆ" ಎಂದರು. ದುಂಡಗಿರುವುದಕ್ಕೇ ಬಾಗು ಎನ್ನುತ್ತಾರೆ ಎಂದು ನಾನು ವಿವರಿಸಿದೆ. ಸ್ವಲ್ಪ ಹೆಚ್ಚೇ ವಿವರಿಸಿದೆ ಎಂದು ಕಾಣುತ್ತದೆ. ಮುಂದಿನ ವಾರ ಅವರು ದವಾಖಾನೆಗೆ ಬಂದು ಎರಡೂ ಕಣ್ಣಿನ ಅಳತೆ ಮಾಡಿಸಿಕೊಂಡು ಹೋದರು. ಸಂಬಂಧದ ಮಾತು ಎತ್ತಲಿಲ್ಲ. ಅಳತೆ ಮಾತ್ರ ಬಹಳ ಚಲೋ ಬಂದಿತ್ತು.

ನಮ್ಮ ಯಂತ್ರ ಹಳೆಯದು, ಕೈಯಿಂದ ತಿರುಗಿಸುವಂಥದು. ಗುಂಡಿ ಒತ್ತಿದರೆ ಚೀಟಿ ಉಗುಳುವ ಹೊಸ ಯಂತ್ರಗಳು ಬಂದಿದ್ದರೂ ನಮ್ಮ ಡಾಕ್ಟರಿಗೆ ಇದರ ಮೇಲೇ ನಂಬಿಗೆ. ಮೇಜಿನ ಮೇಲೆ ಕೋಟೆಯ ಸಣ್ಣ ತೋಪಿನ ಹಾಗೆ ಕೂತಿರುತ್ತದೆ. ಆ ಕಡೆ ಕೂತವರು ಗದ್ದವನ್ನು ಬಟ್ಟಲಿನ ಮೇಲಿಟ್ಟು, ಹಣೆಯನ್ನು ಪಟ್ಟಿಗೆ ಒತ್ತಿ ತೋಪಿನ ಬಾಯೊಳಗೆ ನೋಡಬೇಕು. ಅಲ್ಲಿ ಅವರಿಗೆ ಅವರದೇ ಕಣ್ಣು ಚಿಕ್ಕದಾಗಿ ಕಾಣುತ್ತದೆ. ಈ ಕಡೆಯಿಂದ ನಾನು ನೋಡಿದರೆ ಅವರ ಕಣ್ಣಿನ ಮೇಲೆ ಮೂಡಿದ ಬೆಳಕು ಮೂರು ಬಳೆಗಳಾಗಿ ಕಾಣುತ್ತದೆ. ಬಳೆಗಳ ಅಂಚಿಗೆ ಸಣ್ಣ ಸಣ್ಣ ಗುರುತುಗಳಿರುತ್ತವೆ. ತಿರುಪು ತಿರುಗಿಸುತ್ತಾ ಒಂದು ಬಳೆಯ ಗುರುತು ಇನ್ನೊಂದರ ಗುರುತಿನ ಮೇಲೆ ಸರಿಯಾಗಿ ಕೂರುವಂತೆ ಮಾಡಿದರೆ ಪಕ್ಕದಲ್ಲಿ ಅಂಕಿ ಸಿಗುತ್ತದೆ. ಕೆಲಸ ಇಷ್ಟೇ. ಆದರೆ ಆ ಕಡೆ ಕೂರುವವರು ಮನುಷ್ಯರು. ಪುರ್ತಗೇರಿಯ ಒಬ್ಬ ಅಜ್ಜಿ ಒಳಗೆ ನೋಡಿ ಥಟ್ಟನೆ ಹಿಂದೆ ಸರಿದು, "ಒಳಗ ಯಾರೋ ಕುಂತಾರ್ರಿ" ಎಂದಳು. ಅದು ನೀವೇ ಎಂದರೆ ನಂಬಲಿಲ್ಲ. "ನಾ ಅಷ್ಟು ಸಣ್ಣಾಕಿ ಅಲ್ರಿ, ನೋಡ್ರಿ ಬೇಕಾದ್ರ" ಎಂದು ಎದ್ದು ನಿಂತು ತೋರಿಸಿದಳು. ನರಗುಂದದಲ್ಲಿ ಒಬ್ಬ ಕಾಳಿನ ವ್ಯಾಪಾರಿಗೆ, "ಅಲುಗಾಡಬ್ಯಾಡ್ರಿ ಸಾಹುಕಾರ್ರ" ಎಂದೆ. ಅವರು ಅಲುಗಾಡಲಿಲ್ಲ. ಸ್ವಲ್ಪ ಹೊತ್ತಿಗೆ ಮುಖ ಮೆಣಸಿನಕಾಯಿಯಾಯಿತು. "ಉಸಿರು ಬಿಡ್ರಿ!" ಎಂದು ನಾನು ಚೀರಿದ ಮೇಲೆ ಉಸ್ಸೆಂದು ಬಿಟ್ಟು, "ನೀವ ಹೇಳಿದ್ರಲ್ರಿ. ಉಸಿರು ಬಿಟ್ರ ನನ್ನ ಹೊಟ್ಟಿ ಎಲ್ಲಾ ಅಲುಗಾಡತೈತಿ" ಎಂದರು.

ದಿನಕ್ಕೆ ಮೂವತ್ತು ನಲವತ್ತು ಮುಖಗಳು ನನ್ನ ಮುಖದ ಎದುರು ಒಂದು ಮೊಳದ ಅಂತರಕ್ಕೆ ಬರುತ್ತವೆ. ಗಂಡ ಹೆಂಡತಿಯೂ ಅಷ್ಟು ಹೊತ್ತು ಹಾಗೆ ಎದುರುಬದುರು ಕೂರುವುದಿಲ್ಲವೇನೋ, ನನಗೆ ಗೊತ್ತಿಲ್ಲ. ಆದರೆ ನಡುವೆ ತೋಪು. ಅವರು ನೋಡುವುದು ತಮ್ಮ ಕಣ್ಣು, ನಾನು ನೋಡುವುದು ಬಳೆ. ಸಂಜೆ ಬಜಾರದಲ್ಲಿ ಸಿಕ್ಕರೆ ಅವರು ನನ್ನ ಗುರುತು ಹಿಡಿಯುವುದಿಲ್ಲ. ನಾನೂ ಹಿಡಿಯುವುದಿಲ್ಲ. "ನಲವತ್ಮೂರೂವರೆ" ಎಂದು ಹೇಳಿಕೊಂಡು ಎದುರು ಬಂದರೆ ಬಹುಶಃ ನೆನಪಾದೀತು. ಭಾನುವಾರ ಬಂದರೆ ನನಗೆ ಅಳೆಯಲು ಏನೂ ಇರುವುದಿಲ್ಲ. ಗುಡ್ಡದ ಕೆಳಗೆ ಎರಡು ಕೋಣೆಯ ಬಾಡಿಗೆ ಮನೆ. ಬೆಳಿಗ್ಗೆ ಹಾಲಿನವನಿಗೆ "ಅರ್ಧ ಲೀಟರ್" ಎಂದ ಮೇಲೆ ಮಾರನೆಯ ದಿನ ಮತ್ತೆ "ಅರ್ಧ ಲೀಟರ್" ಎನ್ನುವವರೆಗೆ ಮಾತಾಡುವ ಪ್ರಸಂಗವೇ ಬಾರದ ಭಾನುವಾರಗಳಿವೆ.

ಇಂಥ ಮನೆಗೆ ಚಿಗವ್ವ ಬಂದಳು. ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಲಕ್ಕಲಕಟ್ಟಿಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇರುತ್ತಾಳೆ. ಎಪ್ಪತ್ತು ದಾಟಿದೆ. ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಾ ಬೆನ್ನು ಬಾಗಿಸಿಕೊಂಡವಳು. ಮೋತಿಬಿಂದು ಬಲಿತು, ಹೆಸರಿನ ಗಿಡ ಯಾವುದು ಹುಲ್ಲು ಯಾವುದು ತಿಳಿಯದೆ ಎರಡನ್ನೂ ಕಿತ್ತ ಮೇಲೆ ಕೆಲಸಕ್ಕೆ ಕರೆಯುವುದನ್ನು ಬಿಟ್ಟಿದ್ದರು. ಅವ್ವ ಹೋದ ಮೇಲೆ ನನ್ನನ್ನು ಬರಿಯ ಹೆಸರು ಹಿಡಿದು ಕರೆಯುವವಳು ಇವಳೊಬ್ಬಳೇ. ಡಾಕ್ಟರಿಗೆ ನಾನು ಕಸ್ತೂರಿಬಾಯಿ, ಉಳಿದವರಿಗೆ ಮೇಡಂ, ಇಲ್ಲವೆ ಸಿಸ್ಟರ್.

"ಎರಡ ದಿನಕ್ಕಂತ ಬಂದೀನಿ ಕಸ್ತೂರಿ" ಎಂದು ಹೊಸ್ತಿಲಲ್ಲೇ ಹೇಳಿದಳು. "ಅಳತಿ ತಗೊಂಡು ಲಗೂನ ಕಣ್ಣು ಮಾಡಿಸಿ ಕಳಿಸಿಬಿಡು. ನಮ್ಮ ಎಮ್ಮಿ ನನ್ನ ಕೈ ಬಿಟ್ರ ಯಾರ ಕೈಗೂ ಹಾಲು ಕೊಡಂಗಿಲ್ಲ."

ರಾತ್ರಿ ಊಟಕ್ಕೆ ಅವಳಿಗೆ ತಾಟು ಇಟ್ಟು ನಾನು ಪಾತೇಲಿಯ ಮುಚ್ಚಳದಲ್ಲಿ ರೊಟ್ಟಿ ಹಾಕಿಕೊಂಡು ಕೂತೆ. ಕಣ್ಣು ಮಂಜಾಗಿದ್ದರೂ ಅದು ಅವಳಿಗೆ ಕಂಡಿತು.

"ಇನ್ನೊಂದು ತಾಟು ಎಲ್ಲೈತಿ?"

"ತೊಳದಿಲ್ಲ ಚಿಗವ್ವ."

ಇನ್ನೊಂದು ತಾಟು ಇರಲೇ ಇಲ್ಲ. ಮಾರನೆಯ ದಿನ ದವಾಖಾನೆಯಿಂದ ಬರುವಾಗ ಒಂದು ಕೊಂಡು ತಂದೆ. ಹೊಸದೆಂದು ತಿಳಿಯಬಾರದೆಂದು ಅದರ ಚೀಟಿ ಕಿತ್ತು, ಬೂದಿ ಹಚ್ಚಿ ತಿಕ್ಕಿದೆ. ಅವತ್ತಿನ ದಿನಚರಿಯಲ್ಲಿ ಇದೆ: "ತಾಟು ತಂದೆ." ಹದಿನಾಲ್ಕು ವರ್ಷ ಕಣ್ಣಿನ ಕೆಲಸ ಮಾಡಿಯೂ ಎದುರಿಗಿದ್ದವರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ನನಗೆ ತಿಳಿಯುವುದಿಲ್ಲ. ಊಟ ಮಾಡುತ್ತಾ ಚಿಗವ್ವ, "ಹೊಸಾ ತಾಟು ಚಲೋ ಐತಿ" ಎಂದಳು.

ಮೊದಲ ಅಳತೆಯೇ ಕೆಟ್ಟಿತು. ಯಂತ್ರದ ಮುಂದೆ ಕೂರಿಸಿ ನೋಡುತ್ತೇನೆ, ಬಳೆಗಳು ನಿಲ್ಲುತ್ತಲೇ ಇಲ್ಲ. ಕೆರೆಯಲ್ಲಿ ಬಿದ್ದ ದೀಪದ ನೆರಳಿನ ಹಾಗೆ ಅಂಚು ಕದಡಿಕೊಂಡು ಹರಿದಾಡುತ್ತಿವೆ. "ಕಣ್ಣು ಮಿಟಕಸು ಚಿಗವ್ವ" ಎಂದೆ. "ಎಷ್ಟ ಸಲ?" ಎಂದಳು. ಕೂಲಿಗೆ ಹೋದವರು ಸಾಲು ಎಷ್ಟು ಎಂದು ಕೇಳುವ ದನಿ ಅದು. ಮೊದಲ ಸಲ ನಲವತ್ನಾಲ್ಕು ಬಂತು. ತುಸು ಹೊತ್ತು ಬಿಟ್ಟು ನೋಡಿದರೆ ನಲವತ್ತೆರಡೂವರೆ. ಮತ್ತೊಮ್ಮೆ ನೋಡಿದರೆ ನಲವತ್ತೈದೂಕಾಲು. ಒಂದೇ ಮುಂಜಾನೆಯಲ್ಲಿ ಮನುಷ್ಯರ ಕಣ್ಣು ಇಷ್ಟೊಂದು ಆಕಾರ ಬದಲಿಸುವುದಿಲ್ಲ. ಡಾಕ್ಟರದು ಒಂದು ನಿಯಮವಿದೆ: ಎರಡು ದಿನದ ಅಳತೆ ಒಂದಕ್ಕೊಂದು ಕೂಡಬೇಕು, ಅಲ್ಲಿಯವರೆಗೆ ಆಪರೇಷನ್ ಇಲ್ಲ. ಅವರು ಚಿಗವ್ವನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಕಣ್ಣೀರಿನ ಪದರ ಎಣ್ಣಿ ಎಣ್ಣಿ ಆಗೈತಿ. ರೆಪ್ಪೆ ಅಂಚಿನ ಗ್ರಂಥಿ ಕೆಟ್ಟಿರಬೇಕು. ವಯಸ್ಸಾದವರಿಗೆ ಆಗತೈತಿ. ದಿನಾ ಸಂಜಿಗೆ ಬಿಸಿ ಅರಿವಿಲೆ ಶಾಖ ಕೊಡ್ರಿ ಕಸ್ತೂರಿಬಾಯಿ, ಎರಡು ದಿನ ಬಿಟ್ಟು ನೋಡೋಣ" ಎಂದರು.

ನನಗೆ ಆಗ ಬೇಸರವಾಗಬೇಕಿತ್ತು. ಆ ದಿನದ ದಿನಚರಿಯಲ್ಲಿ, "ಅಳತೆ ಕೂಡಲಿಲ್ಲ, ಬೇಸರವಾಯಿತು" ಎಂದೇ ಬರೆದಿದ್ದೇನೆ. ಆದರೆ ಕೆಳಗಿನ ಸಾಲಿನಲ್ಲಿ, "ಸಂಜೆ ಬದನೆಕಾಯಿ ಎಣ್ಣೆಗಾಯಿ ಮಾಡಿದೆ" ಎಂದಿದೆ. ನನಗೆ ಬೇಸರವಾದಾಗ ನಾನು ಎಣ್ಣೆಗಾಯಿ ಮಾಡಿದ ದಾಖಲೆ ಬೇರೆಲ್ಲೂ ಸಿಗುವುದಿಲ್ಲ.

ಶಾಖದ ಕೆಲಸ ಸಂಜೆ ಹೊತ್ತು. ಹಿತ್ತಲ ಕಟ್ಟೆಯ ಮೇಲೆ ಚಿಗವ್ವ ತಲೆ ಹಿಂದಕ್ಕೆ ಒರಗಿಸಿ ಕೂರುತ್ತಿದ್ದಳು. ನಾನು ಬಿಸಿನೀರಿನಲ್ಲಿ ಅದ್ದಿದ ಅರಿವೆಯನ್ನು ಹಿಂಡಿ, ನನ್ನ ಕೆನ್ನೆಗೆ ಮುಟ್ಟಿಸಿ ನೋಡಿ, ಅವಳ ಮುಚ್ಚಿದ ಕಣ್ಣುಗಳ ಮೇಲಿಡುತ್ತಿದ್ದೆ. ಯಂತ್ರವಿಲ್ಲದೆ ಒಂದು ಮುಖವನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟು ವರ್ಷಗಳಾಗಿದ್ದವೋ. ಅರಿವೆ ಆರುವವರೆಗೆ ಮಾತು. ಒಂದು ಸಂಜೆ ನಾನು ನನ್ನ ಹಳೆಯ ನೆನಪೊಂದನ್ನು ಹೇಳಿದೆ. ಚಿಕ್ಕವಳಿದ್ದಾಗ ಸೂಟಿಗೆ ಲಕ್ಕಲಕಟ್ಟಿಗೆ ಹೋದರೆ ಚಿಗವ್ವ ನನ್ನ ತಲೆಯನ್ನು ಎರಡು ಮೊಣಕಾಲ ನಡುವೆ ಒತ್ತಿ ಹಿಡಿದು, ತಂಪಾಗಲಿ ಎಂದು ಕಣ್ಣಿಗೆ ಔಡಲೆಣ್ಣೆ ಬಿಡುತ್ತಿದ್ದಳು. ಎಣ್ಣೆ ಇಳಿದು ಇಡೀ ಅಂಗಳ ಜೇನಿನ ಬಣ್ಣವಾಗಿ ಅಲ್ಲಾಡುತ್ತಿತ್ತು. ಇದನ್ನು ನಾನು ಧಾರವಾಡದ ಹಾಸ್ಟೆಲಿನಲ್ಲಿ ಗೆಳತಿಯರಿಗೆಲ್ಲ ಹೇಳಿದ್ದೆ. ಕಣ್ಣಿನ ಕೆಲಸಕ್ಕೆ ಬಂದದ್ದೂ ಅದರಿಂದಲೇ ಇರಬಹುದು ಎಂದು ಒಮ್ಮೆ ಬರೆದುಕೊಂಡೂ ಇದ್ದೆ.

ಅರಿವೆಯ ಕೆಳಗಿನಿಂದ ಚಿಗವ್ವ, "ನಿನಗೆಲ್ಲಿ ಬಿಟ್ಟೀನಿ?" ಎಂದಳು.

"ಬಿಟ್ಟಿಲ್ಲೇನು?"

"ನೀ ಎಣ್ಣಿ ಶೀಶೆ ಕಂಡ ಕೂಡಲೇ ಓಡಿಹೋಗಿ ಬಣವಿ ಹಿಂದ ಅಡಗತಿದ್ದಿ. ಬಿಟ್ಟಿದ್ದು ನಮ್ಮ ಸರೋಜಿಗೆ. ನೀ ನಿಂತು ನೋಡತಿದ್ದಿ, ಅಷ್ಟ."

ಸರೋಜ ಎಂದರೆ ಅವಳ ಮಗಳು, ಈಗ ಬಾಗಲಕೋಟೆ ಕಡೆ ಸಂಸಾರ ಹೂಡಿದ್ದಾಳೆ. ಇಷ್ಟು ವರ್ಷ ನಾನು ಸರೋಜಳ ಕಣ್ಣುರಿಯನ್ನು ನನ್ನದೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಹಾಗಾದರೆ ಆ ಜೇನಿನ ಬಣ್ಣದ ಅಂಗಳವನ್ನು ನಾನು ಯಾವ ಕಣ್ಣಿನಿಂದ ನೋಡಿದೆ? ಚಿಗವ್ವ ಹೇಳಿದ್ದೇ ನಿಜವೆಂದು ಏನು ಗ್ಯಾರಂಟಿ ಎಂದೂ ಯೋಚಿಸಿದೆ. ಬುಧವಾರ ಬಂದೆ ಎನ್ನುವವಳು ಅವಳು.

ಇಲ್ಲಿ ಒಂದು ಮಾತು ಗಮನಿಸಬೇಕು. ಡಾಕ್ಟರು "ಎಣ್ಣಿ ಎಣ್ಣಿ ಆಗೈತಿ" ಎಂದಿದ್ದರು. ನಾವಿಬ್ಬರೂ ಕಣ್ಣಿಗೆ ಬಿಡುವ ಎಣ್ಣೆಯ ಬಗ್ಗೆ ಒಂದಿಡೀ ಸಂಜೆ ಮಾತಾಡಿದೆವು. ಅವಳು ಮಲಗಿದ ದಿಂಬಿನಿಂದ ಮುಂಜಾನೆ ಹಾಸಿಗೆ ಮಡಚುವಾಗ ನನಗೆ ಔಡಲೆಣ್ಣೆಯ ವಾಸನೆಯೂ ಬಂದಿತ್ತು, ತಲೆಗೆ ಹಚ್ಚಿಕೊಂಡಿರಬೇಕು ಎಂದುಕೊಂಡೆ. ಇಷ್ಟಾದರೂ ನನಗೆ ಏನೂ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯದ ಹಾಗೆ ನೋಡಿಕೊಂಡೆನೋ, ಅದನ್ನು ನಾನು ಪ್ರಮಾಣ ಮಾಡಿ ಹೇಳಲಾರೆ.

ಎರಡು ದಿನ ಕಳೆದು ನೋಡಿದೆವು, ಕೂಡಲಿಲ್ಲ. ಮತ್ತೆ ಎರಡು ದಿನ, ಕೂಡಲಿಲ್ಲ. ನಮ್ಮಲ್ಲಿ ಆಪರೇಷನ್ ಶನಿವಾರಕ್ಕೊಮ್ಮೆ. ಮೊದಲ ಶನಿವಾರ ಹಾಗೇ ಹೋಯಿತು. ಚಿಗವ್ವ ದಿನಾ ಮುಂಜಾನೆ ನನ್ನ ಫೋನಿನಿಂದ ಊರಿಗೆ ಮಾತಾಡುತ್ತಿದ್ದಳು. ಮಗನ ಆರೋಗ್ಯ, ಮೊಮ್ಮಕ್ಕಳ ಸಾಲಿ ಎಲ್ಲ ಒಂದೊಂದು ಮಾತಿನಲ್ಲಿ ಮುಗಿದು, ಉಳಿದದ್ದೆಲ್ಲ ಎಮ್ಮೆಯ ಸಮಾಚಾರ. ನಾಲ್ಕನೆಯ ದಿನವೋ ಐದನೆಯ ದಿನವೋ ಮಾತು ಮುಗಿಸಿ ಫೋನು ನನ್ನ ಕೈಗೆ ಕೊಟ್ಟು, ಕುಡಿಯದೆ ಬಿಟ್ಟ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದಳು.

"ಯಾಕ ಚಿಗವ್ವ, ಎಮ್ಮಿ ಹಾಲು ಕೊಡವಲ್ದೇನು?"

"ಕೊಡಾಕತ್ತೈತಂತ" ಎಂದಳು. "ಸೊಸಿ ಕೈಗೆ ಕೊಡಾಕತ್ತೈತಂತ. ನನ್ನ ಕೈಗೆ ಕೊಡೋದಕ್ಕಿಂತ ಜಾಸ್ತಿ ಅಂತ."

ನನಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ. "ಮೇವು ಬದಲ ಮಾಡಿರಬೇಕು" ಎಂದೆ. "ಹ್ಞೂಂ, ಮೇವು ಬದಲ ಮಾಡಿರಬೇಕು" ಎಂದಳು. ಆ ದಿನದಿಂದ ಅವಳು "ಲಗೂನ ಕಳಿಸಿಬಿಡು" ಎಂದು ಹೇಳಿದ ನೆನಪು ನನಗಿಲ್ಲ. ಇದನ್ನು ಮಾತ್ರ ದಿನಚರಿಯೂ ಒಪ್ಪುತ್ತದೆ.

ನನ್ನ ಮೇಲೆ ನನಗೆ ಅನುಮಾನ ಹುಟ್ಟಿದ್ದು ಆಗ. ಯಂತ್ರದ ಮುಂದೆ ಕೂತಾಗ, ಬಳೆಗಳು ಕದಡಿಕೊಂಡದ್ದು ಕಂಡ ಕೂಡಲೇ ಎದೆಯೊಳಗೆ ಏನೋ ಹಗುರಾಗುತ್ತಿತ್ತು. ಬೇರೆ ಪೇಷಂಟಿಗಾದರೆ ಹತ್ತು ಸಲ ಕಣ್ಣು ತೊಳೆಸಿ, ಕಾಯಿಸಿ, ಮತ್ತೆ ಮತ್ತೆ ನೋಡುತ್ತಿದ್ದೆ. ಇವಳಿಗೆ ಮೂರು ಸಲ ನೋಡಿ, "ಇವತ್ತೂ ಕೂಡವಲ್ವು" ಎಂದು ಎದ್ದುಬಿಡುತ್ತಿದ್ದೆ. ಒಂದು ದಿನವಂತೂ ಬಳೆಗಳು ತಕ್ಕಮಟ್ಟಿಗೆ ನಿಂತಿದ್ದವು ಎಂದು ಈಗ ಅನಿಸುತ್ತದೆ. ಅವತ್ತು ನಾನು ತಿರುಪನ್ನು ನಿಜವಾಗಿ ಪೂರ್ತಿ ತಿರುಗಿಸಿದೆನೇ? ಒಬ್ಬ ಮುದುಕಿಯ ಕಣ್ಣಿನ ಬೆಳಕನ್ನು ನನ್ನ ಮನೆಯ ಎರಡನೆಯ ತಾಟಿಗಾಗಿ ತಡೆದು ಇಟ್ಟುಕೊಂಡಿದ್ದೇನೆಯೇ ಎಂಬ ಯೋಚನೆ ಬಂದು, ಆ ಗುರುವಾರ ನರಗುಂದದ ಬಸ್ಸಿನಲ್ಲಿ ಟಿಕೇಟು ಕೇಳಿದ ಕಂಡಕ್ಟರಿಗೆ "ನಲವತ್ತೆರಡೂವರೆ" ಎಂದೆ. "ಅಷ್ಟು ಮಂದಿ ಎಲ್ಲೆದಾರ್ರಿ?" ಎಂದು ಅವನು ಹಿಂದೆ ತಿರುಗಿ ನೋಡಿದ.

ಗುಟ್ಟು ರಟ್ಟಾದದ್ದು ನಾನು ಊಟದ ಡಬ್ಬಿ ಮರೆತದ್ದರಿಂದ. ದವಾಖಾನೆಯ ಅರ್ಧ ದಾರಿಯಿಂದ ತಿರುಗಿ ಬಂದು ಬಾಗಿಲು ನೂಕಿದರೆ, ಚಿಗವ್ವ ಕಿಟಕಿಯ ಬೆಳಕಿಗೆ ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದಾಳೆ. ಒಂದು ಕೈಯಲ್ಲಿ ಬೆರಳುದ್ದದ ಶೀಶೆ, ಇನ್ನೊಂದರಲ್ಲಿ ಹತ್ತಿಯ ಬತ್ತಿ. ಬತ್ತಿಯ ತುದಿಯಿಂದ ದಪ್ಪ ಹನಿಯೊಂದು ನಿಧಾನವಾಗಿ ಅವಳ ಬಲಗಣ್ಣಿಗೆ ಇಳಿಯುತ್ತಿತ್ತು.

"ಏನ್ ಮಾಡಾಕತ್ತಿ ಚಿಗವ್ವ!"

"ಚೀರಬ್ಯಾಡ, ಹನಿ ತಪ್ಪತೈತಿ" ಎಂದಳು. ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿಕೊಂಡೇ, "ಎಣ್ಣಿ ಬಿಡಾಕತ್ತೀನಿ" ಎಂದಳು.

"ದಿನಾ ಬಿಡ್ತೀಯೇನು?"

"ದಿನಾ ಎಲ್ಲಿ ಬಿಡ್ತೀನಿ? ಅಳತಿ ಇದ್ದ ದಿನ ಅಷ್ಟ. ಫೋಟೋ ತಗಸಾಕ ಹೋಗೂ ಮುಂದ ಮಾರಿ ತೊಳಕೊಂಡು ಹೋಗಂಗಿಲ್ಲೇನು? ದೊಡ್ಡ ದೊಡ್ಡ ಡಾಕ್ಟರು ನೋಡೂ ಕಣ್ಣು, ಹಸನ ಇರಬೇಕಲ್ಲ. ನಾನೇ ಕಾಸಿದ ಎಣ್ಣಿ ಇದು."

ಕಣ್ಣನ್ನು ಅಳತೆಗೆಂದೇ ಸಿಂಗರಿಸಿಕೊಂಡು ಬರುತ್ತಿದ್ದಳು! ಶೀಶೆ ಇಸಿದುಕೊಂಡು ಮೂಸಿದೆ, ದಿಂಬಿನದೇ ವಾಸನೆ. ಬಳೆಗಳು ಕದಡಿದ್ದು ಗ್ರಂಥಿಯಿಂದಲ್ಲ, ವಯಸ್ಸಿನಿಂದಲ್ಲ, ನನ್ನ ಕೈಯ ಪಾಪದಿಂದಲೂ ಅಲ್ಲ. ಆ ತಿಳಿ ಪದರದ ಮೇಲೆ ಔಡಲೆಣ್ಣೆ ಹರಡಿಕೊಂಡು ಬೆಳಕನ್ನು ಅಲ್ಲೋಲಕಲ್ಲೋಲ ಮಾಡುತ್ತಿತ್ತು. ನನ್ನ ಮೈಮೇಲಿನಿಂದ ದೊಡ್ಡ ಭಾರ ಇಳಿಯಿತು. ಇಳಿದ ಮೇಲೆ ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿತು.

ಏನೆಂದರೆ, ಅಳತೆಗೆ ಬರುವ ಪ್ರತಿಯೊಬ್ಬರಿಗೂ ಮೊದಲ ದಿನವೇ ನಾನು ಒಂದು ಮಾತು ಹೇಳುತ್ತೇನೆ. "ಕಣ್ಣಿಗೆ ಎಣ್ಣಿ, ಕಾಡಿಗಿ ಏನೂ ಹಚ್ಚಬ್ಯಾಡ್ರಿ." ಹದಿನಾಲ್ಕು ವರ್ಷ ಹೇಳಿ ಹೇಳಿ ಅದು ನನಗೆ ನಮಸ್ಕಾರದ ಹಾಗೆ ಆಗಿಬಿಟ್ಟಿದೆ. ಒಮ್ಮೆ ಮದುವೆಮನೆಯಲ್ಲಿ ಅಕ್ಷತೆ ಹಾಕುವಾಗ ಮದುಮಗಳ ಕಾಡಿಗೆ ಕಂಡು ಅದೇ ಮಾತು ಬಾಯಿಗೆ ಬಂದಿತ್ತು. ಚಿಗವ್ವನಿಗೂ ಹೇಳಿಯೇ ಇರುತ್ತೇನೆ. ಹೇಳಿದ್ದು, ಅವಳು ತಲೆ ಆಡಿಸಿದ್ದು, ಎರಡೂ ನನಗೆ ಕಾಣಿಸುತ್ತವೆ. ಆದರೆ ಸರೋಜಳ ಕಣ್ಣುರಿಯೂ ನನಗೆ ಹೀಗೇ ಕಾಣಿಸುತ್ತಿತ್ತು. ದಿನಚರಿ ತೆಗೆದು ನೋಡಿದೆ. ಆ ದಿನ ಇರುವುದು ಇಷ್ಟು: "ಚಿಗವ್ವ ಬಂದಳು. ಮನೆಯಲ್ಲಿ ಮಾತಿನ ಸದ್ದು." ಎಣ್ಣೆಯ ವಿಷಯವಿಲ್ಲ. ನಾನು ಹೇಳಿದ್ದರೆ, ಅವಳು ಗೊತ್ತಿದ್ದೂ ಶೀಶೆ ತೆಗೆಯುತ್ತಿದ್ದಳು. ಹೇಳದೇ ಇದ್ದರೆ, ಮೂರು ಊರಿಗೆ ಸಾರುವ ಮಾತನ್ನು ಅವಳೊಬ್ಬಳಿಗೆ ಹೇಳದೆ ಉಳಿಸಿಕೊಂಡವಳು ನಾನು. ಒಂದರಲ್ಲಿ ಅವಳಿಗೆ ನಮ್ಮ ಮನೆ ಬೇಕಾಗಿತ್ತು, ಇನ್ನೊಂದರಲ್ಲಿ ನನಗೆ ಅವಳು.

ಶೀಶೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ನಾಲ್ಕು ದಿನ ಬಿಟ್ಟು ನೋಡಿದೆ. ಬಳೆಗಳು ಹೊಸದಾಗಿ ತೊಟ್ಟವುಗಳ ಹಾಗೆ ಫಳಫಳ ನಿಂತಿದ್ದವು. ನಲವತ್ಮೂರೂ ಕಾಲು. ಮರುದಿನವೂ ನಲವತ್ಮೂರೂ ಕಾಲು. ಡಾಕ್ಟರು ನೋಡಿ, "ಶಾಖ ಭಾಳ ಛಂದ ಕೊಟ್ಟೀರಿ ಕಸ್ತೂರಿಬಾಯಿ" ಎಂದು ಹೊಗಳಿದರು. ಎಣ್ಣೆಯ ವಿಷಯ ಹೇಳಿದೆ. ಅವರು ನಕ್ಕು, "ನೀವ ಇದ್ದೂ ಹಿಂಗಾತಲ್ರಿ" ಎಂದರು. ಆ ಶನಿವಾರ ಆಪರೇಷನ್ ಆಯಿತು.

ಮರುದಿನ ಪಟ್ಟಿ ಬಿಚ್ಚಿದಾಗ ಅವಳು ಮೊದಲು ನನ್ನನ್ನು ನೋಡುತ್ತಾಳೆ ಎಂದು ನಾನು ತಲೆ ಬಾಚಿಕೊಂಡು ಎದುರಿಗೇ ನಿಂತಿದ್ದೆ. ಅವಳು ನನ್ನ ಹೆಗಲ ಮೇಲಿಂದ ಕಿಟಕಿಯಾಚೆ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದಳು. "ಅವಕ್ಕ ಮೂರು ರೆಕ್ಕಿ ಅದಾವೇನು!" ಎಂದಳು. "ನಾ ಇಷ್ಟು ವರ್ಷ ಎರಡ ಅನ್ಕೊಂಡಿದ್ದೆ." ಆಮೇಲೆ ನನ್ನನ್ನೂ ನೋಡಿದಳು. ಬಹಳ ಹೊತ್ತು ನೋಡಿದಳು. ನನ್ನ ಸೆರಗಿನ ಮಡಿಕೆ ಸರಿ ಮಾಡಿದಳು.

ಮತ್ತೊಂದು ವಾರ ಇಟ್ಟುಕೊಂಡೆ. ಡಾಕ್ಟರು ಹೇಳಿದ್ದು ಐದು ದಿನ. ಹೊರಡುವ ದಿನ ಕೊನೆಯ ತಪಾಸಣೆಗೆ ದವಾಖಾನೆಗೆ ಕರೆದುಕೊಂಡು ಹೋದೆ. ತಪಾಸಣೆ ಮುಗಿದು ಡಾಕ್ಟರು ಊಟಕ್ಕೆ ಎದ್ದು ಹೋದರು. ಚಿಗವ್ವ ಯಂತ್ರದ ಸುತ್ತ ಒಂದು ಸುತ್ತು ಹಾಕಿ ಬಂದು ನನ್ನ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಇಷ್ಟ ದಿನ ಆ ಕಡೆ ಕುಂತೆ. ನೀ ಈ ಕಡಿಂದ ಏನ್ ನೋಡತಿ ಅಂತ ನಾ ನೋಡಬೇಕು. ಹೋಗು, ಆ ಕಡೆ ಕುಂಡ್ರು."

ಹೋಗಿ ಕೂತೆ. ಈ ಅಳತೆಯನ್ನು ತನಗೆ ತಾನೇ ಮಾಡಿಕೊಳ್ಳಲು ಬರುವುದಿಲ್ಲ, ಎದುರಿಗೆ ಇನ್ನೊಬ್ಬರು ಬೇಕು. ಹದಿನಾಲ್ಕು ವರ್ಷದಲ್ಲಿ ನನ್ನ ಕಣ್ಣಿನ ಬಾಗು ಎಷ್ಟೆಂದು ಯಾರೂ ನೋಡಿಲ್ಲ, ನೋಡು ಎಂದು ನಾನೂ ಯಾರನ್ನೂ ಕೇಳಿಲ್ಲ. ಗದ್ದ ಇಟ್ಟೆ, ಹಣೆ ಒತ್ತಿದೆ. ಒಳಗೆ ಒಂದು ಸಣ್ಣ ಕಣ್ಣು ನನ್ನನ್ನೇ ನೋಡುತ್ತಿತ್ತು. ಯಾರೋ ಕೂತಂತೆಯೇ ಇತ್ತು. ಆ ತುದಿಯಲ್ಲಿ ಚಿಗವ್ವ ತನ್ನ ಹೊಸ ಕಣ್ಣನ್ನು ಯಂತ್ರಕ್ಕೆ ಹಚ್ಚಿ, ಕಳೆ ತೆಗೆದು ಗಂಟುಗಟ್ಟಿದ ಬೆರಳುಗಳಿಂದ ತಿರುಪು ಹಿಡಿದಿದ್ದಳು.

"ಏನ್ ಕಾಣತೈತಿ?"

"ಮೂರ ಬಳಿ ಅದಾವ. ಚಂದ ಅದಾವ. ನಡುಗಾಕತ್ತಾವ."

ಮುಖ ಕಾಣದಿದ್ದಾಗ ಕೇಳುವುದು ಸುಲಭ. "ಚಿಗವ್ವ, ಖರೇ ಹೇಳು" ಎಂದೆ. "ಕಣ್ಣಿಗೆ ಎಣ್ಣಿ ಹಚ್ಚಬ್ಯಾಡ ಅಂತ ನಾ ಮೊದಲನೇ ದಿನ ನಿನಗ ಹೇಳಿದ್ನೋ, ಇಲ್ಲೋ?"

ಆ ಕಡೆಯಿಂದ ತಿರುಪಿನ ಸಣ್ಣ ಸದ್ದು ಬಂತು, ನಿಂತಿತು, ಮತ್ತೆ ಬಂತು.

"ಸುಮ್ನ ಕುಂಡ್ರು ಕಸ್ತೂರಿ" ಎಂದಳು. "ನೀ ಬಾಯಿ ತಗದ್ರ ಬಳಿ ಜಿಗೀತಾವ."

ಸುಮ್ಮನೆ ಕೂತೆ. ಅವಳು ಬಹಳ ಹೊತ್ತು ನೋಡಿದಳು. ಕೊನೆಗೆ "ಕೂಡಿದ್ವು" ಎಂದು ಎದ್ದಳು. ಎಷ್ಟು ಬಂತೆಂದು ನಾನು ಓಡಿ ಬಂದು ನೋಡುವಷ್ಟರಲ್ಲಿ ಅವಳ ಕೈ ತಾಗಿ ತಿರುಪು ಸರಿದಿತ್ತು. ಮೂರು ಗಂಟೆಯ ಬಸ್ಸಿಗೆ ಹೋದಳು. ಈಗ ಎಡಗಣ್ಣಿನ ಸರದಿ. ಮುಂದಿನ ವಾರ ಅಳತೆಗೆ ಬರುತ್ತಾಳೆ. ದಿನ ಗೊತ್ತು ಮಾಡಲು ನಾವಿಬ್ಬರೂ ಫೋನಿನಲ್ಲಿ ಮೂರು ಸಲ ಮಾತಾಡಿದ್ದೇವೆ. ಬರುವ ಬಸ್ಸು, ತರುವ ಕಾಗದಪತ್ರ, ಎಮ್ಮೆ, ಎಲ್ಲದರ ಬಗ್ಗೆ ಮಾತಾಯಿತು. ಈ ಸಲವಾದರೂ ಮೊದಲೇ ಹೇಳಬೇಕಾದ ಎಣ್ಣೆಯ ಮಾತನ್ನು ನಾನು ಹೇಳಿಲ್ಲ. ಹೇಳಿಲ್ಲ ಎಂಬುದು ಈ ಸಲ ನನಗೆ ಖಚಿತವಾಗಿ ನೆನಪಿದೆ, ದಿನಚರಿಯಲ್ಲೂ ಬರೆದಿಟ್ಟಿದ್ದೇನೆ. ಆದರೆ ಹೋದ ಸಲದ್ದು? ಹೇಳಿದ್ನೋ ಚಿಗವ್ವ, ಇಲ್ಲೋ?